ವರದಿಗಾಗಿ ಕಾಯುವ ದಿನಗಳನ್ನು ಕಡಿಮೆ ಮಾಡಿದ ಬೆಂಗಳೂರಿನ ಯಂತ್ರ

2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮಂಡ್ಯ, ಉಡುಪಿ ಜಿಲ್ಲೆಗಳಿಗೆ ಮರಳಿದ ನಮ್ಮವರು ಮೊದಲು ಸೇರಿದ್ದು ಮನೆಗಲ್ಲ, ಕ್ವಾರಂಟೈನ್ ಕೇಂದ್ರಕ್ಕೆ. ಗಂಟಲ ದ್ರವದ ವರದಿ ಬರುವವರೆಗೂ ಅವರಿಗೆ ನೆಮ್ಮದಿ ಇರಲಿಲ್ಲ. ಇಲ್ಲಿ ದಹಿಸರ್‌ನಲ್ಲಿ ಉಳಿದ ನಮಗೂ ಫೋನಿನಲ್ಲಿ ಅದೇ ಮಾತು: ‘ವರದಿ ಬಂತಾ?’

ಪರೀಕ್ಷೆಗೆ ಬೇಕಾದದ್ದು ಕೆಲವೇ ಗಂಟೆ. ಮಾದರಿ ದೂರದ ಪ್ರಯೋಗಾಲಯ ತಲುಪಿ, ಅಲ್ಲಿ ಸರದಿ ಬರುವುದಕ್ಕೇ ದಿನಗಳು ಹಿಡಿಯುತ್ತಿದ್ದವು. ಈ ತೊಡಕಿಗೆ ಉತ್ತರವಾಗಬಲ್ಲ ಯಂತ್ರವೊಂದು ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಬಿಗ್‌ಟೆಕ್ ಲ್ಯಾಬ್ಸ್‌ನ ಚಂದ್ರಶೇಖರ್ ನಾಯರ್ ಮತ್ತು ಅವರ ತಂಡ ರೂಪಿಸಿದ ಅದರ ಹೆಸರು ಟ್ರೂನ್ಯಾಟ್. ಬ್ಯಾಟರಿಯಲ್ಲಿ ನಡೆಯುತ್ತದೆ, ಒಂದು ಮೇಜಿನ ಮೇಲೆ ಕೂರುತ್ತದೆ.

ಅದು ಕೆಲಸ ಮಾಡುವುದು ಹೀಗೆ. ಕೊರೊನಾ ವೈರಸ್ಸಿನ ಗುರುತು ಇರುವುದು ಅದರ ಆರ್‌ಎನ್‌ಎಯಲ್ಲಿ. ಆರ್‌ಎನ್‌ಎಯನ್ನು ನೇರವಾಗಿ ನಕಲು ಮಾಡಿ ಹೆಚ್ಚಿಸಲು ಪಿಸಿಆರ್‌ಗೆ ಬರುವುದಿಲ್ಲ. ಮೊದಲು ಅದನ್ನು ಡಿಎನ್‌ಎಗೆ ಬದಲಿಸಬೇಕು. ಆ ಕೆಲಸ ಮಾಡುವ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಕಂಡುಹಿಡಿದರು. ಆಮೇಲೆ ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುತ್ತದೆ. ಲೆಕ್ಕದಂತೆ 30 ಸುತ್ತಿಗೆ ಒಂದು ತುಣುಕು 107 ಕೋಟಿ ದಾಟುತ್ತದೆ. ಆಗ ಯಂತ್ರಕ್ಕೆ ಅದು ಕಾಣುತ್ತದೆ. ಟ್ರೂನ್ಯಾಟ್‌ನಲ್ಲಿ ಇದೆಲ್ಲ ನಡೆಯುವುದು ಪುಟ್ಟ ಚಿಪ್ಪಿನ ಮೇಲೆ, ಸುಮಾರು ಒಂದು ಗಂಟೆಯಲ್ಲಿ.

ಸಾಫ್ಟ್‌ವೇರ್‌ನವನಾದ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಈ ಪರೀಕ್ಷೆ ವೈರಸ್ಸಿನ ಜೊತೆಗೆ ಮನುಷ್ಯನ ಒಂದು ಜೀನನ್ನೂ ಹುಡುಕುತ್ತದೆ. ಎರಡೂ ಸಿಗದಿದ್ದರೆ ‘ನೆಗೆಟಿವ್’ ಎನ್ನದೆ, ಪರೀಕ್ಷೆಯೇ ಸರಿಯಾಗಿಲ್ಲ ಎನ್ನುತ್ತದೆ. ‘ರೋಗ ಇಲ್ಲ’ ಎನ್ನುವುದೂ ‘ಗೊತ್ತಾಗಲಿಲ್ಲ’ ಎನ್ನುವುದೂ ಒಂದೇ ಅಲ್ಲ. ದೊಡ್ಡ ತಜ್ಞರಿಲ್ಲದ ಊರಿನಲ್ಲಿ ಯಂತ್ರವನ್ನು ನಂಬಬೇಕಾದರೆ ಈ ಪ್ರಾಮಾಣಿಕತೆ ಬೇಕು.

2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಇದನ್ನು ಕೋವಿಡ್ ತಪಾಸಣೆಗೆ ಒಪ್ಪಿತು. ಮೇ ತಿಂಗಳಲ್ಲಿ ಸೋಂಕನ್ನು ಖಚಿತಪಡಿಸುವುದಕ್ಕೂ ಒಪ್ಪಿಗೆ ಸಿಕ್ಕಿತು. ಕ್ಷಯ ಪರೀಕ್ಷೆಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿದ್ದ ಯಂತ್ರಗಳೇ ಕೊರೊನಾ ಹುಡುಕಲು ನಿಂತವು.

ಕೋವಿಡ್‌ನ ಆತಂಕ ಕಳೆಯಿತು, ಕ್ಷಯ ಹೋಗಿಲ್ಲ. ಮುಂಬೈಯ ಇಕ್ಕಟ್ಟಾದ ಖೋಲಿಗಳಲ್ಲಿ, ಹೋಟೆಲುಗಳ ಮೇಲಟ್ಟದಲ್ಲಿ ಒತ್ತಾಗಿ ಮಲಗುವ ನಮ್ಮ ಹುಡುಗರಿಗೆ ಅದು ದೂರದ ಕಾಯಿಲೆಯಲ್ಲ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಟ್ರೂನ್ಯಾಟ್ ನೇರವಾಗಿ ಹುಡುಕುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಯೇ ಎಂದು ಇನ್ನೊಂದು ಚಿಪ್ ಹೇಳುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕ್ಷಯದ ಮೊದಲ ಪರೀಕ್ಷೆಯಾಗಿ ಶಿಫಾರಸು ಮಾಡಿತು.

ಕೆಮ್ಮು ಎರಡು ವಾರ ದಾಟಿದರೆ ಸಿರಪ್ಪು ಕುಡಿದು ಸುಮ್ಮನಿರಬೇಡಿ. ಊರಲ್ಲಿದ್ದರೂ ಮುಂಬೈಯಲ್ಲಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ಅಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ರಜೆಗೆ ಊರಿಗೆ ಹೋಗುವ ಮೊದಲೇ ಈ ಕೆಲಸ ಮುಗಿಸಿದರೆ ಮನೆಯವರಿಗೂ ಒಳ್ಳೆಯದು.