ಮಸಾರಿ ನೆಲದ ಮರ್ಯಾದೆ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯು ಕುಣಿತಕ್ಕಿಂತಲೂ ಒಕ್ಕಲುತನಕ್ಕೆ ಹೆಚ್ಚು ಒಪ್ಪುವದೆಂದು ನಮಗೆ ಅನೇಕ ಸಲ ತೋರಿದೆ. ನೆಲದ ಗುಣವನ್ನರಿಯದೆ ಅದು ಕೊಡಲಾರದ್ದನ್ನು ಬೇಡುವದು, ಕೊಡದಿದ್ದಾಗ ‘ಇದು ಬರಡು’ ಎಂದು ತೀರ್ಪು ಬರೆಯುವದು, ತೀರ್ಪು ಬರೆದ ಮೇಲೆ ಅಂಥ ನೆಲವನ್ನು ಏನು ಮಾಡಿದರೂ ಸಲ್ಲುವದೆಂದು ಬಗೆಯುವದು—ಇವು ಮೂರೂ ನಮ್ಮಲ್ಲಿ ಬೇರೂರಿದ ಅಭ್ಯಾಸಗಳು. ಇವುಗಳಿಗೆ ಹೆಚ್ಚಾಗಿ ಗುರಿಯಾದದ್ದು ನಮ್ಮ ಮಸಾರಿ ನೆಲ. ಅಂದರೆ ಮರಳು ಹೆಚ್ಚಾಗಿ, ಜೇಡಿ ಕಡಮೆಯಾಗಿ, ಹಿಡಿದರೆ ಉಂಡೆಯಾಗುವ ಆದರೆ ಒತ್ತಿದರೆ ಉದುರುವ ಗೋಡುಮಣ್ಣು.

ಈ ಕೆಟ್ಟ ಹೆಸರಿಗೆ ದಪ್ತರದ ಆಧಾರವೂ ಉಂಟು. ಮುಂಬಯಿ ಇಲಾಖೆಯಲ್ಲಿ ಕಂದಾಯದ ಮೋಜಣಿಗೆ ತಳಹದಿಯಾದ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಮೊದಲಾದವರ 1847ರ ಜಂಟಿ ವರದಿಯು ಭೂಮಿಯನ್ನು ಆಣೆಗಳ ಲೆಕ್ಕದಿಂದ ತೂಗಿತು. ಆಳವಾದ ಕರಿಯ ಎರೆಗೆ ಹದಿನಾರಾಣೆ. ಒರಟಾದ ಕೆಂಪು ನೆಲಕ್ಕೆ ಅದಕ್ಕಿಂತ ಕೆಳಗಿನ ಅಂತಸ್ತು. ಅಷ್ಟೇ ಅಲ್ಲ, ಮಣ್ಣಿನಲ್ಲಿ ಮರಳು ಬೆರೆತಿರುವದನ್ನು ಒಂದು ದೋಷವೆಂದು ಗುರುತು ಹಾಕಿ ದರ್ಜೆಯನ್ನು ಇಳಿಸುವ ಪದ್ಧತಿಯೂ ಅದರಲ್ಲಿತ್ತು. ಕಂದಾಯವನ್ನು ಗೊತ್ತುಮಾಡುವವನ ಕಣ್ಣಿಗೆ ಅದು ದೋಷವೇ ಆಗಿದ್ದೀತು. ಆದರೆ ಕರ ಎತ್ತುವವನ ಅಳತೆಗೋಲೇ ನೆಲದ ಗುಣಕ್ಕೂ ಅಳತೆಗೋಲೆಂದು ನಾವು ಇಂದಿಗೂ ನಂಬಿಕೊಂಡು ಕುಳಿತಿರುವದು ಯಾವ ನ್ಯಾಯ?

ಈ ಮಾತನ್ನು ವಿಚಾರಿಸಲು ಸವದತ್ತಿ ತಾಲೂಕಿನ ಉಗರಗೋಳದಂಥ ಊರು ತಕ್ಕ ಉದಾಹರಣೆಯಾಗಿದೆ. ಅದು ಯಲ್ಲಮ್ಮನ ಗುಡ್ಡದ ಬುಡದ ಊರು. ಈ ಗುಡ್ಡಗಳು ಕಲಾದಗಿ ಪದರು ಎಂದು ಹೆಸರಾದ ಅತಿ ಪ್ರಾಚೀನ ಮರಳುಗಲ್ಲಿನವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವುಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಇದೇ ಗುಡ್ಡದ ಸಾಲನ್ನು ನವಿಲುತೀರ್ಥದಲ್ಲಿ ಸೀಳಿಕೊಂಡು ಮುಂದೆ ಹರಿಯುವಳು. ಬಿಸಿಲು ಮಳೆಗಳಿಗೆ ಬಿರಿದ ಕಲ್ಲು ಹರಳಾಗಿ, ಹರಳು ಮರಳಾಗಿ, ಇಳಿಜಾರಿನಲ್ಲಿ ಜಾರಿ ಬುಡದಲ್ಲಿ ನಿಲ್ಲುವದು. ಅಲ್ಲಿ ಒಂದಿಷ್ಟು ನವಿರು ಮಣ್ಣೂ ಜೇಡಿಯೂ ಕೂಡಿ ಮಸಾರಿಯಾಗುವದು. ಇನ್ನೂ ಕೆಳಗೆ ಹೊಳೆಯ ಕಡೆಗೆ ಹೋದರೆ ಎರೆಯ ಬಯಲು. ಹೀಗೆ ಗುಡ್ಡ, ಮಸಾರಿ, ಎರೆ—ಮೂರೂ ಒಂದೇ ಸೀಮೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಾಣುವವು.

ಮರಳಿನ ಕಣ 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನ ವರೆಗಿನದು. ಜೇಡಿಯ ಕಣ 0.002 ಮಿಲಿಮೀಟರಿಗಿಂತಲೂ ಸಣ್ಣದು. ದೊಡ್ಡ ಕಣಗಳ ನಡುವೆ ದೊಡ್ಡ ಸಂದುಗಳಿರುವದರಿಂದ ಮರಳುಗೋಡಿನಲ್ಲಿ ತಾಸಿಗೆ 20ರಿಂದ 30 ಮಿಲಿಮೀಟರ್ ನೀರು ಇಂಗಬಲ್ಲದು. ಜೇಡಿನೆಲದಲ್ಲಿ 1ರಿಂದ 5 ಮಿಲಿಮೀಟರ್ ಮಾತ್ರ. ಆದರೆ ಬೇಗ ಕುಡಿದದ್ದು ಬೇಗ ಬತ್ತುವದೂ ಸಹಜ. ಒಂದು ಮೀಟರ್ ಆಳದ ಮರಳುಗೋಡು ಬೆಳೆಯ ಪಾಲಿಗೆ ಹಿಡಿದಿಡುವ ನೀರು ಸುಮಾರು 100ರಿಂದ 120 ಮಿಲಿಮೀಟರ್. ಜೇಡಿನೆಲ ಅದಕ್ಕೆ ಹೆಚ್ಚುಕಡಮೆ ಇಮ್ಮಡಿ ಹಿಡಿಯುವದು. ಈ ಒಂದು ಗುಣದಿಂದಲೇ ಮಸಾರಿಯ ಎಲ್ಲ ಲಾಭ, ಎಲ್ಲ ನಷ್ಟಗಳೂ ಹುಟ್ಟುತ್ತವೆ.

ಮೊದಲು ಒಕ್ಕಲುತನವನ್ನು ನೋಡೋಣ. ಎರೆಯು ಹಿಂಗಾರಿಯ ನೆಲ. ಬಿಳಿಜೋಳ, ಕಡಲೆ, ಕುಸುಬೆಗಳು ತಾನು ಕೂಡಿಟ್ಟ ನೀರಿನ ಮೇಲೆಯೇ ಅಲ್ಲಿ ಬೆಳೆಯುವವು. ಮಸಾರಿಯು ಮುಂಗಾರಿಯ ನೆಲ. ಒಂದು ಹದ ಮಳೆಯಾದರೆ ಮರುದಿನವೇ ಕುಂಟೆ ಕೂರಿಗೆ ಹೂಡಬಹುದು. ಎರೆಯ ಹೊಲದಲ್ಲಾದರೋ ಎತ್ತಿನ ಕಾಲೂ ಗಾಡಿಯ ಗಾಲಿಯೂ ಹೂತು ನಿಲ್ಲುವವು. ಸಜ್ಜೆ, ಹೆಸರು, ಹುರುಳಿ, ಅಲಸಂದಿ, ಎಳ್ಳು ಇವೆಲ್ಲ ಮಸಾರಿಯ ಮಕ್ಕಳು. ಎಲ್ಲಕ್ಕೂ ಮಿಗಿಲಾಗಿ ಶೇಂಗಾ. ಇದರ ಹೂವು ನೆಲದ ಮೇಲೆ ಅರಳುವದು. ಬಳಿಕ ಸೂಜಿಯಂಥ ಒಂದು ಎಳೆ ಕೆಳಗಿಳಿದು ಮಣ್ಣನ್ನು ತೂರಿ ಒಳಗೆ ಕಾಯಿಕಟ್ಟುವದು. ಗಟ್ಟಿ ನೆಲದಲ್ಲಿ ಆ ಸೂಜಿ ಇಳಿಯಲಾರದು. ಇಳಿದರೂ ಕೀಳುವಾಗ ಕಾಯಿಗಳು ಮಣ್ಣಿನಲ್ಲಿಯೇ ಉಳಿಯುವವು. ಸಡಿಲಾದ ಮಸಾರಿಯಲ್ಲಿ ಬಳ್ಳಿ ಹಿಡಿದೆಳೆದರೆ ಕಾಯಿಯ ಗೊಂಚಲೇ ಕೈಗೆ ಬರುವದು. 1847ರ ವರದಿಯು ದೋಷವೆಂದ ಮರಳೇ ಇಲ್ಲಿ ಗುಣವಾಯಿತು.

ಆದರೆ ಗುಣದ ಜೊತೆಗೆ ಕೊರತೆಯನ್ನೂ ಹೇಳದಿದ್ದರೆ ನಾವು ಒಕ್ಕಲಿಗನಿಗೆ ಮೋಸ ಮಾಡಿದಂತಾಗುವದು. ಮಸಾರಿಯಲ್ಲಿ ಹಾಕಿದ ಗೊಬ್ಬರದ ಸತ್ವ ನೀರಿನೊಡನೆ ಕೆಳಗಿಳಿದು ಹೋಗುವದು. ಎರಡು ವಾರ ಮಳೆ ತಡೆದರೆ ಬೆಳೆ ಬಾಡುವದು. ದೊಡ್ಡ ಹನಿಯ ಮಳೆ ಹೊಡೆದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ಏಳಲಾರದು. ಇಳಿಜಾರಿದ್ದರೆ ಮಣ್ಣೇ ಕೊಚ್ಚಿಹೋಗುವದು. ಇದಕ್ಕೆ ಮದ್ದು ಹೊಸದೇನಲ್ಲ: ಸಮಪಾತಳಿಯ ಒಡ್ಡು, ತಿಪ್ಪೆಗೊಬ್ಬರ, ಶೇಂಗಾದ ಸಾಲುಗಳ ನಡುವೆ ತೊಗರಿಯ ಅಕ್ಕಡಿ. ಮುಂಬಯಿ ಪ್ರಾಂತದಲ್ಲಿ 1942ರಲ್ಲಿಯೇ ಒಡ್ಡು ಮೊದಲಾದ ಭೂಸುಧಾರಣಾ ಕೆಲಸಗಳಿಗಾಗಿ ಪ್ರತ್ಯೇಕ ಕಾಯದೆಯಾಗಿತ್ತು. ಹಾಕಿದ ಒಡ್ಡನ್ನು ವರ್ಷವರ್ಷ ಕಾಯ್ದುಕೊಳ್ಳುವದು ಮಾತ್ರ ಕಾಯದೆಯಿಂದ ಆಗುವ ಕೆಲಸವಲ್ಲ.

ನೀರಾವರಿಯ ವಿಷಯದಲ್ಲಿಯೂ ಮಣ್ಣನ್ನು ಕೇಳದೆ ಮಾಡಿದ ಕೆಲಸದ ಫಲವನ್ನು ಈ ಹೊಳೆಯ ದಂಡೆಯವರು ಕಂಡಿದ್ದಾರೆ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ಕೆಳಗಿನ ಎರೆಯ ಸೀಮೆಗೆ ಹರಿಯಿತು. ನೀರು ಬಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಇಂಗದ ನೆಲಕ್ಕೆ ಬಸಿಗಾಲುವೆಯಿಲ್ಲದೆ ಮೇಲಿಂದ ಮೇಲೆ ನೀರು ಹಾಯಿಸಿದಲ್ಲೆಲ್ಲ ಸವಳು-ಜವಳಿನ ಪಿಡುಗು ತಲೆಯೆತ್ತಿತು. ಬಸಿದು ಹೋಗುವ ಮಸಾರಿಗೆ ಆ ಭಯ ಕಡಮೆ. ಅದಕ್ಕೆ ಬೇಕಾದದ್ದು ಸ್ವಲ್ಪ ನೀರು, ಮೇಲಿಂದ ಮೇಲೆ. ಹನಿ ನೀರಾವರಿಯು ಇಂಥ ನೆಲಕ್ಕೆಂದೇ ಹುಟ್ಟಿದಂತಿದೆ.

ಎರಡನೆಯದು ಮೇವು. ಮಳೆಗಾಲದಲ್ಲಿ ಎರೆಯ ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುವದು. ಮಸಾರಿಯ ದಿಬ್ಬ ಬೇಗನೆ ಒಣಗುವದರಿಂದ ಹಿಂಡಿಗೆ ಹಿತಕರ. ಆದುದರಿಂದಲೇ ಕುರುಬರು ಮಳೆಗಾಲದಲ್ಲಿ ಗುಡ್ಡದ ಮಗ್ಗುಲನ್ನೂ, ಸುಗ್ಗಿ ತೀರಿದ ಮೇಲೆ ಎರೆಯ ಬಯಲನ್ನೂ ಹಿಡಿಯುವದುಂಟು. ಕರಡ, ಗರಿಕೆಗಳ ಹುಲ್ಲು, ಬಾರಿ ಬನ್ನಿಗಳ ಸೊಪ್ಪು ಇವಿಷ್ಟರ ಮೇಲೆ ಬಾಳುವ ದಖ್ಖನಿ ಕುರಿಯು ಕಂಬಳಿಗೆ ಉಣ್ಣೆಯನ್ನು ಕೊಟ್ಟು, ಹೊಲದಲ್ಲಿ ನಿಲ್ಲಿಸಿದ ರಾತ್ರಿ ಗೊಬ್ಬರವನ್ನೂ ಕೊಡುವದು. ಸತ್ವ ನಿಲ್ಲದ ಮಸಾರಿಗೆ ಇದಕ್ಕಿಂತ ಅಗ್ಗದ ಔಷಧವಿಲ್ಲ. ಕರ್ನಾಟಕದ 1966ರ ಭೂಕಂದಾಯ ನಿಯಮಗಳಲ್ಲಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿನ ನೆಲವಿರಬೇಕೆಂದು ವಿಧಿಸಲಾಗಿದೆ. ನಮ್ಮ ವಾಚಕರಲ್ಲಿ ಅನೇಕರು ಅಧಿಕಾರಿಗಳಿರುವರು. ತಮ್ಮ ತಾಲೂಕಿನ ಎಷ್ಟು ಊರುಗಳ ಗಾಯರಾಣವು ಈ ಲೆಕ್ಕಕ್ಕೆ ಸರಿದೂಗುವದೆಂದು ಅವರು ಒಂದು ದಿನ ದಪ್ತರ ತೆಗೆದು ನೋಡಬೇಕೆಂದು ನಮ್ಮ ವಿನಂತಿ.

ಮೂರನೆಯದು ವನ್ಯಜೀವಿಗಳು. ಅಗೆಯಲು ಸುಲಭ, ಅಗೆದರೂ ಕುಸಿಯದಷ್ಟು ಬಿಗಿ—ಬಿಲಕ್ಕೆ ಇಂಥ ನೆಲವೇ ಬೇಕು. ಗುಳ್ಳೆನರಿ ಇಲ್ಲಿ ಗೂಡು ತೋಡುವದು. ತೋಳವು ಇಂಥ ದಿಬ್ಬಗಳಲ್ಲಿ ಮರಿ ಸಾಕುವದು. ಟಿಟ್ಟಿಭವು ಬರಿಯ ನೆಲದ ಮೇಲೆ ಮೊಟ್ಟೆಯಿಡುವದು. ಕಳ್ಳಿಪೀರವು ಮರಳುಮಣ್ಣಿನ ದರೆಯಲ್ಲಿ ಸುರಂಗ ಕೊರೆಯುವದು. ಮಣ್ಣುಮುಕ್ಕ ಹಾವು ಸಡಿಲ ಮಣ್ಣಿನೊಳಗೆ ಅಡಗಿ ಇಲಿಗಳನ್ನು ಹಿಡಿದು ಒಕ್ಕಲಿಗನ ಕಣಜವನ್ನು ಕಾಯುವದು. ಈ ಬಡ ಜೀವಿಯನ್ನು ‘ಎರಡು ತಲೆಯ ಹಾವು’ ಎಂದು ಕರೆದು, ಭಾಗ್ಯ ತರುವದೆಂಬ ಮೂಢನಂಬಿಕೆ ಹಬ್ಬಿಸಿ, ಕಳ್ಳತನದಿಂದ ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಂತೆ ಅದು ಶಿಕ್ಷಾರ್ಹ ಅಪರಾಧ. ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಹುಲ್ಲೆಗಳಿಗಾಗಿ 2016ರಲ್ಲಿ ವನ್ಯಧಾಮವನ್ನು ಘೋಷಿಸಲಾಯಿತು. ಜನರು ‘ಕುರುಚಲು’ ಎಂದು ಕಡೆಗಣಿಸುವ ನೆಲವೂ ಕಾಯಲು ಯೋಗ್ಯವೆಂದು ಸರಕಾರವೇ ಅಲ್ಲಿ ಒಪ್ಪಿಕೊಂಡಂತಾಯಿತು.

ಇನ್ನು ನಾಲ್ಕನೆಯದಾದ ಕಟ್ಟಡ. ನಮ್ಮ ತಕರಾರು ಇರುವದು ಇಲ್ಲಿಯೇ. ಎರೆ ನೀರುಂಡರೆ ಉಬ್ಬುವದು, ಒಣಗಿದರೆ ಬಿರಿಯುವದು. ಅದರ ಮೇಲಿನ ಗೋಡೆಯೂ ಅದರೊಡನೆ ಬಿರಿಯುವದು. ಮಸಾರಿಯಲ್ಲಿ ಈ ಚೇಷ್ಟೆಯಿಲ್ಲ. ಸಾಮಾನ್ಯ ಮನೆಗೆ ಮಿತವಾದ ಪಾಯವೇ ಸಾಕು. ಮಣ್ಣಿನ ಗೋಡೆಗೂ ಅದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಮರಳು ಹೆಚ್ಚಿರುವ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲಿನೊಳಗೆ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ಮಾಡುವ ಕ್ರಮವನ್ನು ಬಳಕೆಗೆ ತಂದಿತು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರದಿಂದ ಮಣ್ಣಿನ ಮನೆಗಳು ಕುಸಿದ ಈ ಸೀಮೆಗೆ ಇಂಥ ಇಟ್ಟಿಗೆಯ ಉಪಯೋಗವನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ನಾಲ್ಕು ಕೆಲಸಗಳಿಗೂ ಒಂದೇ ನೆಲ ಒದಗುವದು. ಆದರೆ ನಾಲ್ಕೂ ಸಮಾನವಲ್ಲ. ಬೆಳೆ ತೆಗೆದರೆ ನೆಲ ಉಳಿಯುವದು; ಕುರಿ ಮೇಯಿಸಿದರೆ ಉಳಿಯುವದು; ನರಿ ಬಿಲ ತೋಡಿದರೂ ಉಳಿಯುವದು. ಕಟ್ಟಡವೊಂದೇ ಅದನ್ನು ಮರಳಿ ಕೊಡದೆ ತೆಗೆದುಕೊಳ್ಳುವಂಥದು. ನಿವೇಶನಕ್ಕೆ ಮಸಾರಿಯು ಸುಲಭವಾದುದರಿಂದ ಊರು ಬೆಳೆಯುವಾಗ ಮೊದಲು ಬಲಿಯಾಗುವದೂ ಅದೇ. 2020ರ ಭೂಸುಧಾರಣಾ ತಿದ್ದುಪಡಿಯಿಂದ ಒಕ್ಕಲುತನ ಮಾಡದವರೂ ಜಮೀನು ಕೊಳ್ಳಲು ಇದ್ದ ಅಡ್ಡಿ ತೆಗೆದುಹೋದ ಮೇಲೆ ಈ ದಾರಿ ಇನ್ನಷ್ಟು ಅಗಲವಾಗಿದೆ. ಇದಕ್ಕಿಂತಲೂ ಕ್ರೂರವಾದದ್ದು ‘ಫಿಲ್ಟರ್ ಮರಳು’ ಎಂಬ ದಂಧೆ. ಹೊಲದ, ಕೆರೆಯಂಗಳದ ಮರಳುಮಣ್ಣನ್ನು ಅಗೆದು, ನೀರಿನಲ್ಲಿ ತೊಳೆದು, ಮರಳನ್ನು ಲಾರಿಗೆ ತುಂಬಿ, ಸತ್ವವಿರುವ ನವಿರು ಮಣ್ಣನ್ನು ಹಳ್ಳಕ್ಕೆ ಬಿಡುವ ಈ ಕೆಲಸ ಕಾನೂನಿಗೆ ವಿರುದ್ಧ; ಆದರೂ ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಅದು ಎಷ್ಟೋ ಹೊಲಗಳನ್ನು ಗುಂಡಿಗಳನ್ನಾಗಿ ಮಾಡಿದೆ.

ಲೆಕ್ಕವನ್ನು ವಾಚಕರೇ ಹಾಕಿ ನೋಡಲಿ. ಒಂದು ಎಕರೆಯಲ್ಲಿ ಒಂದು ಅಡಿ ಮಣ್ಣೆಂದರೆ ಸುಮಾರು 1,230 ಘನಮೀಟರ್. ತೂಕ 1,800 ಟನ್ನಿನ ಮೇಲೆ. ಹತ್ತು ಟನ್ನಿನ ಲಾರಿಗೆ ಇದು 185 ಖೇಪು. ಕೆಲವೇ ದಿನಗಳ ದುಡಿಮೆ. ಆದರೆ ಎರಡು ಮೂರು ಸೆಂಟಿಮೀಟರ್ ಮಣ್ಣು ನಿರ್ಮಾಣವಾಗಲು ಸಾವಿರ ವರ್ಷಗಳ ವರೆಗೆ ಬೇಕಾಗಬಹುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ರಟ್ಟರು ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿ, ಆಳುತ್ತಿದ್ದ ಕಾಲದಿಂದ ಇಂದಿನ ವರೆಗೆ ಕೂಡಿದ ಮಣ್ಣು ಒಂದು ಅಂಗುಲವಾದರೂ ಆಗಿದ್ದೀತೋ ಇಲ್ಲವೋ!

ಈ ವಿಚಾರಕ್ಕೆ ಈಗ ಒಂದು ಅವಸರ ಒದಗಿದೆ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗಾಗಿ ಕೇಂದ್ರ ಸರಕಾರವು 2024ರ ನವೆಂಬರ್‌ನಲ್ಲಿ ಸುಮಾರು 100 ಕೋಟಿ ರೂಪಾಯಿಯ ಯೋಜನೆಗೆ ಮಂಜೂರಾತಿ ಕೊಟ್ಟಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಬರುವ ಲಕ್ಷಾವಧಿ ಭಕ್ತರಿಗೆ ನೀರು, ನೆರಳು, ಶೌಚದ ಅನುಕೂಲತೆ ಅವಶ್ಯವಾಗಿ ಆಗಬೇಕು. ಅದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸರಕಾರದ ಕಟ್ಟಡದ ಹಿಂದೆ ಖಾಸಗಿ ಕಟ್ಟಡಗಳೂ ನಿವೇಶನಗಳೂ ಬರುವದು ಎಲ್ಲ ಕ್ಷೇತ್ರಗಳ ಅನುಭವ. ಅವು ಎಲ್ಲಿ ಬರಬೇಕು? ಶೇಂಗಾ ಬೆಳೆಯುವ ಹೊಲದ ಮೇಲೋ, ಏನೂ ಬೆಳೆಯದ ಕಲ್ಲುಹಾಸಿನ ಮೇಲೋ? ಇದನ್ನು ಮೊದಲೇ ಗೊತ್ತುಮಾಡದಿದ್ದರೆ ಮಾರುಕಟ್ಟೆಯ ಧಾರಣೆಯೇ ಗೊತ್ತುಮಾಡುವದು.

ನಮ್ಮ ಬೇಡಿಕೆಗಳು ನಾಲ್ಕೇ. ಒಂದು: 1964ರ ಭೂಕಂದಾಯ ಕಾಯದೆಯ 95ನೆಯ ಕಲಮಿನಂತೆ ಸಾಗುವಳಿಯ ನೆಲವನ್ನು ಬೇರೆ ಕೆಲಸಕ್ಕೆ ಬಳಸಲು ಅಪ್ಪಣೆ ಕೊಡುವಾಗ ಮಣ್ಣಿನ ಗುಣವನ್ನೂ ವಿಚಾರಿಸಬೇಕು. ಎರಡು: 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯದ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಮೊದಲಾದ 12 ಅಂಶಗಳನ್ನು ಬರೆಯುವರು, ಮರಳೆಷ್ಟು, ಜೇಡಿಯೆಷ್ಟು ಎಂಬದು ಆ ಹನ್ನೆರಡರಲ್ಲಿಲ್ಲ, ಅದು ಸೇರಬೇಕು. ಮೂರು: ಗಾಯರಾಣಗಳ ಎಲ್ಲೆಯನ್ನು ಅಳೆದು ಕಲ್ಲು ನೆಡಬೇಕು. ನಾಲ್ಕು: ಇಟ್ಟಿಗೆಗೆ ಮಣ್ಣು ಬೇಕಾದಲ್ಲಿ ಮೇಲ್ಮಣ್ಣನ್ನು ಬದಿಗೆ ತೆಗೆದಿಟ್ಟು, ಕೆಳಮಣ್ಣನ್ನು ಮಾತ್ರ ಬಳಸಿ, ಮೇಲ್ಮಣ್ಣನ್ನು ಮತ್ತೆ ಹರವಬೇಕು, ಮಣ್ಣು ತೊಳೆದು ಮರಳು ತೆಗೆಯುವದನ್ನು ಈ ಕಡೆಗೆ ಕಾಲಿಡಗೊಡಬಾರದು.

ಒಕ್ಕಲಿಗರೂ ಸರಕಾರದ ದಾರಿ ಕಾಯದೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂಡುವದು, ನವಿರು ಮಣ್ಣು ಕೆಲವು ತಾಸಿನಲ್ಲಿ, ಜೇಡಿ ಒಂದು ದಿನದ ಮೇಲೆ. ಪದರುಗಳನ್ನು ಅಳೆದರೆ ಹೊಲದ ಜಾತಕವೇ ಕೈಗೆ ಬಂದಂತೆ. ಜಾತಕ ತಿಳಿದ ಒಡೆಯನು ತನ್ನ ನೆಲವನ್ನು ಡೊಂಕೆಂದು ಹಳಿಯಲಾರನು. ಹಳಿಯದ ನೆಲವನ್ನು ಅಗ್ಗಕ್ಕೆ ಮಾರಲಾರನು.