ನಿಮಗಿದು ಗೊತ್ತೆ? ಸಿಗರೇಟು ಬಿಡಿಸುವವರ ನಂಬರು ಪ್ಯಾಕಿನ ಮೇಲೆಯೇ ಇದೆ!

ಸಿಗರೇಟು, ಬೀಡಿ, ಜಗಿಯುವ ತಂಬಾಕು ಯಾವುದೇ ಇರಲಿ, ಪ್ಯಾಕಿನ ಮೇಲಿನ ಎಚ್ಚರಿಕೆಯ ಜೊತೆಗೆ 1800-11-2356 ಎಂಬ ಸಂಖ್ಯೆಯೂ ಇರಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಭಯಾನಕ ಚಿತ್ರ ಕಂಡು ಮುಖ ತಿರುಗಿಸುವಾಗ ಈ ಸಂಖ್ಯೆ ಕಣ್ತಪ್ಪುತ್ತದೆ. ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಕಾಸಿಲ್ಲ.

ಮನಸ್ಸು ಗಟ್ಟಿಯಿದ್ದರೆ ಸಾಕು, ಫೋನು ಯಾಕೆ ಎನ್ನುವವರುಂಟು. ಮನಸ್ಸು ಬೇಕು, ನಿಜ. ಆದರೆ ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳು ಏಕಾಏಕಿ ಸುಮ್ಮನಾಗುವುದಿಲ್ಲ. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೂ ಗೆದ್ದು ನಿಲ್ಲುವವರು ಸುಮಾರು ಮೂರರಿಂದ ಐದು ಮಂದಿ ಮಾತ್ರ. ಉಳಿದವರದು ಮನೋದೌರ್ಬಲ್ಯ ಎಂದು ಜರೆಯುವುದು ಅನ್ಯಾಯ; ಅದು ಚಟವೆಂಬ ಕಾಯಿಲೆ. ಬರೀ ಮಾತಿನಿಂದ ಏನಾದೀತು ಎಂಬ ಅನುಮಾನಕ್ಕೂ ಉತ್ತರವಿದೆ. ಆಪ್ತ ಸಮಾಲೋಚಕರು ಬುದ್ಧಿವಾದ ಹೇಳಿ ಫೋನಿಡುವುದಿಲ್ಲ. ಬಿಡುವ ದಿನ ಗೊತ್ತುಮಾಡಿಸುತ್ತಾರೆ, ಚಡಪಡಿಕೆ ಹೆಚ್ಚಿರುವ ಮೊದಲ ದಿನಗಳಲ್ಲಿ ತಾವೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಸೇದಬೇಕೆಂಬ ತವಕ ಒಮ್ಮೆಗೆ ಕೆಲವು ನಿಮಿಷವಷ್ಟೇ ಇರುತ್ತದೆ. ಆ ನಿಮಿಷಗಳನ್ನು ದಾಟುವ ಉಪಾಯವನ್ನೇ ಅವರು ಕಲಿಸುವುದು. ಹಿಂದೆ ಬಿಟ್ಟು ಮತ್ತೆ ಹಿಡಿದವರೂ ಸಂಕೋಚಪಡಬೇಕಿಲ್ಲ. ಮನೆಯಲ್ಲಿ ಸೇದುವವರಿದ್ದರೆ ಈ ಸಂಖ್ಯೆಯನ್ನು ಇಂದೇ ಅವರ ಕೈಗೆ ಬರೆದುಕೊಡಿ.