ನಿಮ್ಮ ಬೈಕ್ ಸಸ್ಪೆನ್ಷನ್‌ಗೆ ನಿಮ್ಮ ತೂಕ ಗೊತ್ತಾ?

ಈ ವಾರದ ವಿಡಿಯೋ ಸ್ವಲ್ಪ ಲೆಕ್ಕದ್ದು. ಕೇಳ್ತಾ ಬರ್ಕೊಳ್ಳೋದು ಕಷ್ಟ, ಅದಕ್ಕೇ ಇಲ್ಲಿ ಅಕ್ಷರದಲ್ಲಿ ಹಾಕಿದ್ದೀನಿ.

ಮೊದಲು ಇದು ಶುರುವಾಗಿದ್ದು ಹೇಗೆ ಅಂತ ಹೇಳಿಬಿಡ್ತೀನಿ. ಸೀವುಡ್ಸ್‌ನಿಂದ ಬೆಳಗಾವಿಗೆ ಬೈಕಲ್ಲಿ ಹೊರಟಿದ್ವಿ, ಹಿಂದೆ ಹೆಂಡತಿ, ಅವಳ ಹಿಂದೆ ಕ್ಯಾರಿಯರ್ ಮೇಲೆ ಬ್ಯಾಗು. ಮಹಾಬಲೇಶ್ವರ ನೋಡ್ಕೊಂಡು ಹೋಗೋಣ ಅಂತ ಪನ್ವೇಲ್, ಮಹಾಡ್ ದಾಟಿ ಪೋಲಾದ್‌ಪುರದ ಹತ್ತಿರ ಅಂಬೇನಳಿ ಘಾಟ್ ಹತ್ತಿದೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಬೈಕ್ ನಾನು ತಿರುಗಿಸಿದಷ್ಟು ತಿರುಗಲೇ ಇಲ್ಲ. ನೇರ ಎದುರು ಲೇನ್‌ಗೆ ಜಾರಿತು. ಎದುರಿಂದ ಬಸ್ಸು. ಡ್ರೈವರ್ ಬ್ರೇಕ್ ಹಾಕಿದ, ನಾವು ಉಳಿದೆವು. ಮೇಲೆ ಹೋಗಿ ಚಹಾ ಕುಡಿಯೋವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಇಷ್ಟೇ ಹೇಳಿದ್ದು: "ಮುಂದಿನ ಸಲ ನಾ ಟ್ರೇನಿಗೆ ಬರ್ತೀನ್ರಿ. ನೀವು ಬೈಕ್ ಮ್ಯಾಲೆ ಬರ್ರಿ."

ಸ್ಪೀಡ್ ಜಾಸ್ತಿ ಇರಲಿಲ್ಲ. ಟೈರ್ ಹೊಸದು. ಹಾಗಾದ್ರೆ ತಪ್ಪೆಲ್ಲಿ? ಬೈಕ್ ತಗೊಂಡಾಗ ನಾನು 72 ಕೆ.ಜಿ. ಇದ್ದೆ. ಲಾಕ್‌ಡೌನ್, ವರ್ಕ್ ಫ್ರಮ್ ಹೋಮ್ ಎಲ್ಲ ಮುಗಿಯೋ ಹೊತ್ತಿಗೆ 84. ಹೆಂಡತಿ 58, ಬ್ಯಾಗು 14. ಒಟ್ಟು 156 ಕೆ.ಜಿ. ಹಿಂದಿನ ಶಾಕ್ಸ್ ಮಾತ್ರ ಶೋರೂಮಿನಿಂದ ಬಂದ ಸೆಟ್ಟಿಂಗ್‌ನಲ್ಲೇ ಇತ್ತು. ನಾವು ಸಾಫ್ಟ್‌ವೇರ್‌ನೋರು ಡೀಫಾಲ್ಟ್ ಕಾನ್ಫಿಗ್‌ನಲ್ಲಿ ಪ್ರೊಡಕ್ಷನ್‌ಗೆ ಹೋಗಲ್ಲ ಅಂತೀವಿ, ಬೈಕಲ್ಲಿ ಮಾತ್ರ ಅದನ್ನೇ ಮಾಡ್ತೀವಿ.

ಕಾರಿನಲ್ಲಿ ಇದು ಅಷ್ಟು ಗೊತ್ತಾಗಲ್ಲ. ಸಾವಿರ ಕೆ.ಜಿ. ಕಾರಿಗೆ ಒಬ್ಬ ಮನುಷ್ಯ ಎಷ್ಟರವನು? ಆದರೆ ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ. ಇಬ್ಬರು ಕೂತರೆ ಗಾಡಿಗಿಂತ ಸವಾರರದ್ದೇ ತೂಕ ಜಾಸ್ತಿ.

ಸ್ಯಾಗ್ ಅಂದ್ರೆ ಏನು?

ನೀವು ಕೂತಾಗ ಸ್ಪ್ರಿಂಗ್ ಎಷ್ಟು ಕುಸಿಯುತ್ತೋ ಅದೇ ಸ್ಯಾಗ್. ರಸ್ತೆ ಬೈಕಿಗೆ ಒಟ್ಟು ಟ್ರಾವೆಲ್‌ನ ಸುಮಾರು 30ರಿಂದ 35 ಶೇಕಡಾ ಇದ್ದರೆ ಒಳ್ಳೇದು. ಕಡಿಮೆಯಾದ್ರೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯೋಕೆ ಜಾಗ ಇರಲ್ಲ, ಬೈಕ್ ಕುಣಿಯುತ್ತೆ. ಹೆಚ್ಚಾದ್ರೆ ಹಿಂಭಾಗ ಕೂತುಬಿಡುತ್ತೆ, ಮುಂದಿನ ಫೋರ್ಕ್ ಇನ್ನಷ್ಟು ಹಿಂದಕ್ಕೆ ವಾಲಿ ಮುಂದಿನ ಚಕ್ರ ಹಗುರಾಗುತ್ತೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಹೋಗುತ್ತೆ. ಏರಿನಲ್ಲಿ ತೂಕ ಇನ್ನೂ ಹಿಂದಕ್ಕೆ ಹೋಗೋದರಿಂದ ಇದು ಇನ್ನೂ ಜಾಸ್ತಿ. ಅಂಬೇನಳಿಯಲ್ಲಿ ನನಗಾಗಿದ್ದು ಇದೇ.

ಅಳೆಯೋದು ಹೇಗೆ?

ಬೇಕಾಗಿರೋದು ಒಂದು ಟೇಪು, ಇಬ್ಬರು ಸ್ನೇಹಿತರು, ಸೊಸೈಟಿ ಪಾರ್ಕಿಂಗ್. ಮೊದಲು ಟೈರ್ ತಣ್ಣಗಿರುವಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಗಾಳಿ ಹಾಕಿಸಿ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ ಅಳತೆ ಇರುತ್ತೆ.

ಮೇನ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಆಕ್ಸಲ್‌ನಿಂದ ನೇರ ಮೇಲೆ ಬಾಡಿ ಮೇಲೊಂದು ಗುರುತು ಮಾಡಿ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು ಹೆಲ್ಮೆಟ್, ಜಾಕೆಟ್ ಸಮೇತ ಕೂತು, ಕಾಲು ಫುಟ್‌ರೆಸ್ಟ್ ಮೇಲಿಡಿ. ಒಬ್ಬರು ಗಾಡಿ ನೆಟ್ಟಗೆ ಹಿಡೀಲಿ, ಇನ್ನೊಬ್ಬರು ಮತ್ತೆ ಅದೇ ಗುರುತಿಗೆ ಅಳೀಲಿ. ಎರಡರ ವ್ಯತ್ಯಾಸವೇ ಸ್ಯಾಗ್. ಹಿಂದೆ ಕೂರೋರು, ಬ್ಯಾಗು ಎಲ್ಲ ಸೇರಿಸಿ ಇನ್ನೊಮ್ಮೆ ಅಳೆಯಿರಿ.

ನನ್ನ ಬೈಕಿನ ಹಿಂದಿನ ಟ್ರಾವೆಲ್ 120 ಮಿ.ಮೀ. ಒಬ್ಬನೇ ಕೂತಾಗ 40 ಮಿ.ಮೀ. ಬಂತು, 33 ಶೇಕಡಾ, ಸರಿಯಾಗಿದೆ. ಇಬ್ಬರು ಮತ್ತು ಬ್ಯಾಗು ಸೇರಿದಾಗ 71. ಅರ್ಧಕ್ಕಿಂತ ಹೆಚ್ಚು ಟ್ರಾವೆಲ್ ನಿಂತಲ್ಲೇ ಖರ್ಚಾಗಿತ್ತು!

ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತಾ?

ಇಲ್ಲ. ಇಲ್ಲೇ ಎಲ್ಲರೂ ಎಡವೋದು. ಶಾಕ್ಸ್‌ನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿರೋ ಕಾಲರ್ ಇರುತ್ತಲ್ಲ, ಟೂಲ್ ಕಿಟ್‌ನಲ್ಲಿರೋ ಕೊಕ್ಕೆ ಸ್ಪ್ಯಾನರ್‌ನಿಂದ ತಿರುಗಿಸೋದು, ಅದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಬೈಕನ್ನು ಮೇಲಕ್ಕೆತ್ತುತ್ತೆ, ಅಷ್ಟೇ. ನಾನು ಕೊನೇ ಮೆಟ್ಟಿಲಿಗೆ ಹಾಕಿದೆ (ಎರಡು ಶಾಕ್ಸ್ ಇದ್ದರೆ ಎರಡೂ ಕಡೆ ಒಂದೇ ಮೆಟ್ಟಿಲು ಇರಬೇಕು). ಒಬ್ಬನಿಗೆ 26, ಇಬ್ಬರಿಗೆ 57 ಬಂತು. ಗಮನಿಸಿ: ಮೊದಲು 40ರಿಂದ 71, ಈಗ 26ರಿಂದ 57. ಎರಡೂ ಸಲ 31 ಮಿ.ಮೀ.ನೇ ಹೆಚ್ಚು. ಸ್ಪ್ರಿಂಗ್ ಗಟ್ಟಿಯಾಗಿದ್ದರೆ ಈ 31 ಕಡಿಮೆಯಾಗಬೇಕಿತ್ತು.

57 ಅಂದ್ರೆ ಇನ್ನೂ 47 ಶೇಕಡಾ. ಮೊದಲಿಗಿಂತ ವಾಸಿ, ಆದರೂ ಜಾಸ್ತಿ. ಕೊನೇ ಮೆಟ್ಟಿಲಲ್ಲೂ ಸಾಲದಿದ್ದರೆ, ಆ ಭಾರಕ್ಕೆ ಸ್ಪ್ರಿಂಗೇ ಮೆತ್ತಗಾಯ್ತು ಅಂತ ಅರ್ಥ. ಆಗ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು, ಇಲ್ಲ ಭಾರ ಇಳಿಸಬೇಕು.

ಹಾಗಾದ್ರೆ ನಾನು ತೂಕ ಇಳಿಸಿದರೆ?

ಇಲ್ಲಿ ಲೆಕ್ಕ ಸುಳ್ಳು ಹೇಳಲ್ಲ. ನಾನು 6 ಕೆ.ಜಿ. ಇಳಿಸಿದೆ. ಹಿಂದಿನ ಸ್ಯಾಗ್ ಇಳಿದದ್ದು ಬರೀ 2 ಮಿ.ಮೀ. ಯಾಕಂದ್ರೆ ನನ್ನ ತೂಕದಲ್ಲಿ ಒಂದು ಭಾಗ ಮುಂದಿನ ಚಕ್ರಕ್ಕೂ ಹೋಗುತ್ತೆ. ಅದೇ ಕ್ಯಾರಿಯರ್ ಮೇಲಿನ 14 ಕೆ.ಜಿ. ಬ್ಯಾಗ್ ತೆಗೆದರೆ 7 ಮಿ.ಮೀ. ಹತ್ತಿರ ಇಳಿಯಿತು. ಅದು ಆಕ್ಸಲ್‌ಗಿಂತ ಹಿಂದೆ ನೇತಾಡೋ ಭಾರ. ಹಾಗಾಗಿ ಜಿಮ್‌ಗೆ ದುಡ್ಡು ಕಟ್ಟೋಕೆ ಮುಂಚೆ ಬ್ಯಾಗ್ ಬಿಚ್ಚಿ, ಭಾರದ್ದನ್ನು ಟ್ಯಾಂಕ್ ಬ್ಯಾಗಿಗೆ ಹಾಕಿ.

ಹಾಗಂತ ಫಿಟ್‌ನೆಸ್ ಬೇಡ ಅಂತಲ್ಲ. ಅದರ ಕೆಲಸ ಬೇರೆ. ಸ್ಪ್ರಿಂಗ್ ಮುಗಿದ ಮೇಲೆ ಉಳಿಯೋ ಸಸ್ಪೆನ್ಷನ್ ಅಂದ್ರೆ ನಿಮ್ಮ ಮೊಣಕಾಲು, ಸೊಂಟ. ಬಿಗ್ ಬಾಸ್‌ನಲ್ಲಿ ನೋಡಿದ ನಮ್ಮ ಉಡುಪಿಯ ಅರವಿಂದ್ ಕೆ.ಪಿ. 2019ರಲ್ಲಿ ಪೆರುವಿನ ಡಕಾರ್ ರ‍್ಯಾಲಿಯಲ್ಲಿ 37ನೇ ಸ್ಥಾನದಲ್ಲಿ ಮುಗಿಸಿದರು. ರ‍್ಯಾಲಿ ಸವಾರರು ಒರಟು ದಾರಿಯಲ್ಲಿ ಫುಟ್‌ಪೆಗ್ ಮೇಲೆ ಎದ್ದು ನಿಂತು ಓಡಿಸೋದು ಸ್ಟೈಲಿಗಲ್ಲ. ನಿಂತರೂ ಬೈಕ್ ಹೊರೋ ತೂಕ ಅಷ್ಟೇ. ಆದರೆ ಬಗ್ಗಿಸಿದ ಮೊಣಕಾಲು ಪೆಟ್ಟು ನುಂಗುತ್ತೆ, ಬೆನ್ನುಮೂಳೆಗೆ ಹೋಗಲ್ಲ.

ಹೊಟ್ಟೆ, ಸೊಂಟದ ಸ್ನಾಯು ಸೋತವರು ಮೂರನೇ ತಾಸಿಗೆ ಹ್ಯಾಂಡಲ್ ಮೇಲೆ ಭಾರ ಹಾಕ್ತಾರೆ. ಹ್ಯಾಂಡಲ್ ಬಿಗಿ ಹಿಡಿದರೆ ಮುಂದಿನ ಚಕ್ರ ತನ್ನ ಕೆಲಸ ಮಾಡೋಕೆ ಆಗಲ್ಲ. ಆ ದಿನ ಅಂಬೇನಳಿ ಹತ್ತುವಾಗ ನನ್ನ ಕೈಯೂ ಹಾಗೇ ಬಿಗಿಯಾಗಿತ್ತು, ಅದನ್ನೂ ಒಪ್ಕೋಬೇಕು. ಈಗ ಬೆಳಗ್ಗೆ ಜ್ಯುವೆಲ್ ಆಫ್ ನವಿ ಮುಂಬೈನಲ್ಲಿ ನಡಿಗೆ, ಮನೆಯಲ್ಲಿ ಬಸ್ಕಿ, ಪ್ಲ್ಯಾಂಕು. ದೊಡ್ಡದೇನಲ್ಲ, ಆದರೆ ದೂರದ ದಾರಿಯಲ್ಲಿ ಕೈ ಸಡಿಲವಾಗಿರುತ್ತೆ.

ಗಟ್ಟಿ ಸ್ಪ್ರಿಂಗ್ ಹಾಕಿಸಿದೆ, ಭಾರದ ಸಾಮಾನು ಮುಂದಕ್ಕೆ ಬಂತು. ಇಬ್ಬರಿಗೆ ಈಗ 42 ಮಿ.ಮೀ. ಮೊದಲ ದಿನ ಪಾಮ್ ಬೀಚ್ ರೋಡಲ್ಲಿ ಒಂದು ರೌಂಡು ಕರ್ಕೊಂಡು ಹೋದೆ, ಅವಳು ಏನೂ ಹೇಳಲಿಲ್ಲ. ಆದರೆ ದೀಪಾವಳಿಗೆ ಟ್ರೇನ್ ಟಿಕೆಟ್ ಬುಕ್ ಮಾಡೋಣ್ವಾ ಅಂತ ಕೇಳಿದಾಗ, "ಒಂದೇ ಮಾಡ್ರಿ, ವಾಪಸ್ ಬರೂದಕ್ಕ. ಹೋಗೂದು ನೋಡೂಣು" ಅಂದಳು.

ನೀವೂ ಈ ಭಾನುವಾರ ಟೇಪ್ ಹಿಡಿದು ಪಾರ್ಕಿಂಗ್‌ಗೆ ಇಳಿಯಿರಿ. ಹಿಂದೆ ಕೂರೋರನ್ನೂ ಕರೀರಿ, ಅವರ ತೂಕವೂ ಲೆಕ್ಕಕ್ಕಿದೆ. ಮುಂದಿನ ವಿಡಿಯೋದಲ್ಲಿ ಸಿಗೋಣ.